ಹೌದು ಹನಿ, ಇಲ್ಲ ಹನಿ

ಆಸ್ಪತ್ರೆಯ ಎರಡನೇ ಮಹಡಿಯ ಕಾರಿಡಾರು ಎಲ್ಲಿ ಮುಗಿಯುತ್ತದೋ ಅಲ್ಲಿ, ಖಾಲಿ ಔಷಧಿ ಪೆಟ್ಟಿಗೆಗಳ ರಾಶಿಯ ಪಕ್ಕದಲ್ಲಿ, ಅಲರ್ಜಿ ಸಂಶೋಧನೆಯ ಕೋಣೆ. ಜನ ಒಳಗೆ ಹೋಗುವಾಗ ಮೂಗು ಒರೆಸಿಕೊಳ್ಳುತ್ತಾ ಹೋಗುತ್ತಾರೆ. ಹೊರಗೆ ಬರುವಾಗ ಮುಂಗೈ ಮೇಲೆ ನೀಲಿ ಗೀಟು ಹಾಕಿಸಿಕೊಂಡು, ತುರಿಸಲೂ ಆಗದೆ ಬಿಡಲೂ ಆಗದೆ, ತಮ್ಮ ಕೈಯನ್ನೇ ಯಾರದೋ ಸಾಮಾನಿನ ಹಾಗೆ ಮುಂದೆ ಚಾಚಿಕೊಂಡು ಬರುತ್ತಾರೆ. ಆ ಗೀಟು ಹಾಕುವವಳೇ ಚುಚ್ಚಮ್ಮ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಇಲ್ಲ ಅಂತಲ್ಲ. ಸಂಬಳದ ದಿನ ಬಿಟ್ಟರೆ ಆ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಅಷ್ಟೇ. ಅರ್ಧ ಊರಿನ ಮುಂಗೈಗಳನ್ನು ಚುಚ್ಚಿದವಳು ಅವಳು. ಬಸ್ಸಿನಲ್ಲಿ ಎದುರಾದವರ ಮುಖ ನೋಡಿದರೆ ಅವಳಿಗೆ ಗುರುತು ಹತ್ತುವುದಿಲ್ಲ. ಕಂಬಿ ಹಿಡಿದ ಕೈ ನೋಡುತ್ತಾಳೆ, 'ಓ, ಇವರು ಬೆಕ್ಕು ಆಗದವರು' ಅಂದುಕೊಳ್ಳುತ್ತಾಳೆ. ಪಕ್ಕದ ಕೈ ನೋಡಿ 'ಇವರು ಸಿಗಡಿ' ಅಂದುಕೊಳ್ಳುತ್ತಾಳೆ. ಒಮ್ಮೆ ಕಂಡಕ್ಟರ ಕೈ ಹಿಡಿದು, ಕಡಲೆಕಾಯಿ ತಿನ್ನೋದು ಬಿಟ್ರಾ ಅಂತ ಕೇಳಿದ್ದಕ್ಕೆ, ಆತ ಗಾಬರಿಯಾಗಿ ಟಿಕೆಟ್ಟೇ ಕೊಡದೆ ಮುಂದೆ ಹೋದನಂತೆ.

ಕೆಲಸವೇನೋ ನೋಡುವುದಕ್ಕೆ ಸುಲಭ. ಮುಂಗೈ ಒರೆಸಬೇಕು, ಗೀಟು ಹಾಕಬೇಕು, ಗೀಟಿನ ಪಕ್ಕ ಒಂದೊಂದು ಹನಿ ಬಿಡಬೇಕು: ಧೂಳಿನ ಹುಳದ್ದು, ಹುಲ್ಲಿನ ಪರಾಗದ್ದು, ಜಿರಳೆಯದು, ಮೊಟ್ಟೆಯದು. ಹನಿಯ ಮೂಲಕ ಚರ್ಮಕ್ಕೆ ಒಂದು ಪುಟ್ಟ ಚುಚ್ಚು. ಕಾಲು ಗಂಟೆ ಬಿಟ್ಟು ನೋಡಿದರೆ, ಆಗದ ಪದಾರ್ಥ ಬಿದ್ದ ಕಡೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿರುತ್ತದೆ. ಆದರೆ ಈ ಎಲ್ಲ ಹನಿಗಳಿಗಿಂತ ಮೊದಲು ಎರಡು ಹನಿ ಬಿಡಲೇಬೇಕು. ಒಂದು, ಯಾರ ಚರ್ಮಕ್ಕೆ ಬಿದ್ದರೂ ಉಬ್ಬಿಸುವ ಔಷಧ. ಇನ್ನೊಂದು ಬರೀ ಉಪ್ಪುನೀರು, ಯಾರಿಗೂ ಏನೂ ಮಾಡದ್ದು. ಸೀಸೆಯ ಮೇಲೆ ಇವಕ್ಕೆ ನಾಲಿಗೆ ಹೊರಳದ ಹೆಸರುಗಳಿವೆ. ಚುಚ್ಚಮ್ಮ ಕೆಲಸಕ್ಕೆ ಸೇರಿದ ವಾರವೇ ಅವನ್ನು ಪಕ್ಕಕ್ಕೆ ತಳ್ಳಿ 'ಹೌದು ಹನಿ', 'ಇಲ್ಲ ಹನಿ' ಅಂತ ನಾಮಕರಣ ಮಾಡಿದಳು. ಹೌದು ಹನಿ ಹೌದು ಅನ್ನಬೇಕು, ಇಲ್ಲ ಹನಿ ಇಲ್ಲ ಅನ್ನಬೇಕು. ಆಗ ಮಾತ್ರ ಆ ಕೈ ಹೇಳುವ ಉಳಿದ ಮಾತನ್ನು ನಂಬಬಹುದು. ಹೊಸದಾಗಿ ಬಂದ ಡಾಕ್ಟರುಗಳಿಗೂ ಅವಳು ಇದನ್ನೇ ಹೇಳಿಕೊಡುತ್ತಿದ್ದಳು.

ಬಂದವರೆಲ್ಲ ಅವಳನ್ನು ಕೇಳುವ ಪ್ರಶ್ನೆ ಒಂದೇ: ಈ ಗೀಟು ತೊಳೆದರೆ ಹೋಗುತ್ತಾ? ಉಸಿರುಗಟ್ಟಿ ಸಾಯುವ ಹಾಗೆ ಸೀನುತ್ತಾ ಬಂದವರಿಗೂ ಕೊನೆಗೆ ಚಿಂತೆ ಗೀಟಿನದೇ. ಹೋಗುತ್ತೆ, ಸೋಪು ಹಚ್ಚಿ, ಅನ್ನುತ್ತಾಳೆ. ಅವಳು ಎಲ್ಲರನ್ನೂ ಕೇಳುವ ಪ್ರಶ್ನೆಯೂ ಒಂದೇ: ಈ ವಾರದಲ್ಲಿ ಶೀತದ ಮಾತ್ರೆ, ತುರಿಕೆ ಮಾತ್ರೆ, ನಿದ್ದೆ ಮಾತ್ರೆ ಏನಾದರೂ ತಗೊಂಡಿದ್ದೀರಾ? ಅವುಗಳಲ್ಲಿ ಕೆಲವು ಚರ್ಮದ ಬಾಯಿ ಕಟ್ಟಿಬಿಡುತ್ತವೆ. ಏನು ಸುರಿದರೂ ಉಬ್ಬುವುದಿಲ್ಲ, ಪರೀಕ್ಷೆ ನೀರುಪಾಲು. ಈ ಮಾತು ನೆನಪಿರಲಿ.

ಚುಚ್ಚಮ್ಮನಿಗೆ ವಯಸ್ಸು ನಲವತ್ತೇಳು. ಮದುವೆ ಬೇಡ ಅಂತ ಹಠವೇನೂ ಹಿಡಿದಿರಲಿಲ್ಲ. ಹಠ ಹಿಡಿಯುವಷ್ಟು ಆಸಕ್ತಿಯೇ ಆ ವಿಷಯದಲ್ಲಿ ಇರಲಿಲ್ಲ. ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿ ಇದ್ದಳು. ಅಕ್ಕ ದರ್ಜಿ. ಗಂಡ ಹೋದ ಮೇಲೆ ಮನೆಯಲ್ಲೇ ಹೊಲಿಗೆ, ಯಾವಾಗಲೂ ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಸೂಜಿ ಬಾಯಲ್ಲಿದ್ದರೂ ಮಾತು ನಿಲ್ಲುತ್ತಿರಲಿಲ್ಲ, ಬಹುಶಃ ಅದಕ್ಕೇ ಮಾತಿಗೆ ಅಷ್ಟು ಮೊನೆ. ತಂಗಿ ಯಾವುದಕ್ಕಾದರೂ ಹಿಂಜರಿದರೆ ಸಾಕು, ಅಕ್ಕ ಗೋಡೆಯ ಮೇಲಿನ ಫೋಟೋ ತೋರಿಸುತ್ತಿದ್ದಳು. ಐದು ವರ್ಷದ ಚುಚ್ಚಮ್ಮ ಪಾರ್ಕಿನ ಫೋಟೋದವನ ಕುದುರೆ ಮೇಲೆ ಕೂತಿದ್ದಾಳೆ. ಕಣ್ಣು ಎರಡು ಗೀರಾಗಿವೆ, ಮೂಗು ಸೋರುತ್ತಿದೆ, ಮುಖವೆಲ್ಲ ಊದಿ ಕೆಂಪು. ಹೆದರಿಕೊಂಡು ಊರು ಒಂದು ಮಾಡಿ ಅತ್ತಳು ಅನ್ನುವುದು ಮನೆಯ ಕಥೆ. ಅವತ್ತಿನಿಂದ ಅವಳು ಮನೆಯಲ್ಲಿ ಅಳುಬುರುಕಿ. ನೆಂಟರಿಷ್ಟರಿಗೆಲ್ಲ ಈ ಕಥೆ ಬಾಯಿಪಾಠ.

ವಿಚಿತ್ರ ಅಂದರೆ, ಅಷ್ಟು ಜನರ ಸೀನಿನ ನಡುವೆ ಇದ್ದೂ ಚುಚ್ಚಮ್ಮನಿಗೆ ಒಂದು ಸೀನೂ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದಾಗ ಮಾಮೂಲಿ ಹನಿಗಳನ್ನೆಲ್ಲ ತನ್ನ ಕೈ ಮೇಲೆ ಹಾಕಿ ನೋಡಿದ್ದಳು, ಒಂದೂ ಉಬ್ಬಿರಲಿಲ್ಲ. ತನ್ನದು ಬಂಗಾರದ ಮೂಗು ಅಂತ ಅವಳಿಗೆ ಒಳಗೊಳಗೇ ಜಂಭ.

ಹಾಗಿರುವಾಗ ಹಾಸಿಗೆಯವರು ಬಂದರು.

ಅವರನ್ನು ಕರೆಸಿದ್ದು ಡಾಕ್ಟರು. ಆ ವಿಭಾಗದ ಮುಖ್ಯಸ್ಥರು. ಸಣಕಲು ಆಸಾಮಿ, ಉತ್ಸಾಹ ಮಾತ್ರ ಮೈತುಂಬ. ಯಾರಾದರೂ ಸೀನಿದರೆ ಬೇರೆಯವರು ಕರವಸ್ತ್ರ ಕೊಟ್ಟರೆ, ಡಾಕ್ಟರು ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತಿದ್ದರು. ಆ ವರ್ಷ ಅವರ ತಲೆಗೆ ಹಳೇ ಹಾಸಿಗೆಗಳ ಹುಚ್ಚು ಹತ್ತಿತ್ತು. ಯಾವ ಹಾಸಿಗೆಯ ಧೂಳು ಯಾರನ್ನು ಕೆಣಕುತ್ತದೆ ಅಂತ ತಿಳಿಯಬೇಕು, ಅದಕ್ಕೆ ಮನೆಮನೆಯ ಧೂಳು ಬೇಕು. ಪೇಟೆಯಲ್ಲಿ ಹಳೇ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವ ಅಂಗಡಿ ಒಂದಿತ್ತು. ಅದರ ಮಾಲೀಕರೇ ಹಾಸಿಗೆಯವರು. ಐವತ್ತರ ಆಚೀಚೆ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಯಿಂದ ನೇರ ಬಂದವರು ತಲೆಯಿಂದ ಪಾದದವರೆಗೆ ಹತ್ತಿಯ ಎಳೆ ಅಂಟಿಸಿಕೊಂಡು, ಹುಬ್ಬಿನಲ್ಲೂ ಬಿಳಿ ನಾರು ಸಿಕ್ಕಿಸಿಕೊಂಡು, ಕೈಯಲ್ಲಿ ಧೂಳಿನ ಪೊಟ್ಟಣಗಳ ಚೀಲ ಹಿಡಿದು ಬಾಗಿಲಲ್ಲಿ ನಿಂತರು.

ಪೊಟ್ಟಣದ ಮೇಲೆ ಯಾರ ಮನೆ ಅಂತ ಗುರುತು ಬರೆಯಿರಿ ಅಂತ ಡಾಕ್ಟರು ಹೇಳಿದ್ದರು. ಹಾಸಿಗೆಯವರು ತಮಗೆ ತಿಳಿದ ಹಾಗೆ ಬರೆದಿದ್ದರು. ಒಂದರ ಮೇಲೆ 'ಅಜ್ಜ, ಬರೀ ಎಡಮಗ್ಗುಲು'. ಇನ್ನೊಂದರ ಮೇಲೆ 'ಹೊಸ ದಂಪತಿ, ನಡುವೆ ಗುಂಡಿ'. ಮತ್ತೊಂದರ ಮೇಲೆ 'ಹಳೇ ದಂಪತಿ, ನಡುವೆ ಗುಡ್ಡ'. ಚುಚ್ಚಮ್ಮ ಗುಡ್ಡದ ಪೊಟ್ಟಣ ಓದಿ, ಕೈಯಲ್ಲಿದ್ದ ಸೀಸೆ ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಕೋಣೆಯ ಗೋಡೆಗಳು ಅಷ್ಟು ನಗು ಕೇಳಿದ್ದು ಅದೇ ಮೊದಲು.

ಹಾಸಿಗೆಯವರಿಗೆ ಒಂದು ಚಾಳಿ. ಎಲ್ಲಿ ಕೂರಬೇಕಾದರೂ ಮೊದಲು ಅಂಗೈಯಿಂದ ಒತ್ತಿ ನೋಡುವುದು. ಚುಚ್ಚಮ್ಮನ ಸ್ಟೂಲನ್ನೂ ಒತ್ತಿ ನೋಡಿ, ಇದರಲ್ಲಿ ಜೀವವೇ ಇಲ್ಲವಲ್ಲ, ಇದರ ಮೇಲೆ ಹೇಗೆ ದಿನ ತಳ್ಳುತ್ತೀರಿ ಅಂದರು. ಮುಂದಿನ ಸಲ ಬರುವಾಗ ಸ್ಟೂಲಿನ ಅಳತೆಗೆ ದಿಂಬು ಹೊಲಿದು ತಂದಿದ್ದರು. ಚುಚ್ಚಮ್ಮ ಅದರ ಮೇಲೆ ಕೂತಳು. ವರ್ಷಗಳಿಂದ ಜೊತೆಗಿದ್ದ ಸೊಂಟನೋವು ಹೇಳದೆ ಕೇಳದೆ ಎದ್ದು ಹೋಯಿತು, ಹೋಗುವಾಗ ಅವಳ ಮನಸ್ಸನ್ನೂ ಕರೆದುಕೊಂಡು ಹೋಯಿತು. ಅವಳಿಗೆ ಹಾಸಿಗೆಯವರ ಮೇಲೆ ಪ್ರೀತಿಯಾಯಿತು. ಸುತ್ತಿಬಳಸಿ ಹೇಳುವಂಥದ್ದೇನೂ ಇದರಲ್ಲಿ ಇಲ್ಲ.

ಅವರಿಗೂ ಆಗಿತ್ತು ಅನ್ನುವುದು ಅವರ ಉಡುಪಿನಿಂದ ಗೊತ್ತಾಯಿತು. ಪೊಟ್ಟಣ ಕೊಡಲು ಅಂಗಡಿ ಬಟ್ಟೆಯಲ್ಲೇ ಬರುತ್ತಿದ್ದವರು ಇದ್ದಕ್ಕಿದ್ದಂತೆ ಇಸ್ತ್ರಿ ಮಾಡಿದ ಶರ್ಟು, ಕಪ್ಪು ಕೋಟು ಹಾಕಿ ಬರತೊಡಗಿದರು. ಕೋಟಿನ ಮೇಲೆ ಹತ್ತಿಯ ಒಂದೇ ಒಂದು ಎಳೆ ಇಲ್ಲ, ಫಳಫಳ. ಬಾಗಿಲಲ್ಲಿ ನಿಂತು ನಕ್ಕರು. ಚುಚ್ಚಮ್ಮನೂ ನಗಲು ಹೋದಳು, ಸೀನಿದಳು. ಮತ್ತೆ ನಗಲು ಹೋದಳು, ಮತ್ತೆ ಸೀನು. ಕಣ್ಣು ಕೆಂಪಾಯಿತು, ಮೂಗು ನಲ್ಲಿಯಾಯಿತು, ಬಂಗಾರದ ಮೂಗಿನ ಮಾನ ಮೂರು ಕಾಸಿಗೆ ಹೋಯಿತು. ಡಾಕ್ಟರು ಕುರ್ಚಿ ಎಳೆದುಕೊಂಡು ಬಂದು ಎದುರಿಗೆ ಕೂತರು.

ಹತ್ತಿ ಧೂಳು, ಇನ್ನೇನು, ಅಂತ ಎಲ್ಲರೂ ತೀರ್ಪು ಕೊಟ್ಟರು. ಮೊದಮೊದಲು ಮೈತುಂಬ ಹತ್ತಿ ಮೆತ್ತಿಕೊಂಡು ಬಂದಾಗ ಏನೂ ಆಗಲಿಲ್ಲವಲ್ಲ ಅಂತ ಚುಚ್ಚಮ್ಮ ಕೇಳಿದಳು. ಹಾಗೇ ಆಗುವುದು, ಮೊದಲು ಮೈ ಸುಮ್ಮನೆ ಸಹಿಸಿಕೊಳ್ಳುತ್ತದೆ, ಆಮೇಲೆ ಒಂದು ದಿನ ತಿರುಗಿ ಬೀಳುತ್ತದೆ ಅಂತ ಡಾಕ್ಟರು ವಿವರಿಸಿದರು. ಅದು ನಿಜವೇ. ಎಷ್ಟೋ ಜನರಿಗೆ ಹಾಗೇ ಆಗುತ್ತದೆ.

ಅಲ್ಲಿಂದ ಅವರ ಪ್ರೇಮಕ್ಕೆ ಗಾಳಿಯೇ ಯಜಮಾನ. ಸಂಜೆ ಪಾರ್ಕಿನ ಉದ್ದ ಬೆಂಚಿನಲ್ಲಿ ಭೇಟಿ. ಹಾಸಿಗೆಯವರು ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದು, ಗಾಳಿ ಅವಳ ಕಡೆಯಿಂದ ತಮ್ಮ ಕಡೆಗೆ ಬೀಸುವಂಥ ತುದಿ ಹುಡುಕಿ ಕೂರುತ್ತಿದ್ದರು. ಗಾಳಿ ದಿಕ್ಕು ಬದಲಿಸಿದರೆ ಇಬ್ಬರೂ ಎದ್ದು ಜಾಗ ಬದಲಿಸುತ್ತಿದ್ದರು. ಪಕ್ಕದ ಬೆಂಚಿನ ಮುದುಕರು ಇದನ್ನು ನೋಡಲೆಂದೇ ಬರತೊಡಗಿದರು, ಇವರು ಏಳುವ ಮೊದಲೇ 'ಬಂತು ಬಂತು, ಗಾಳಿ ಬಂತು' ಅಂತ ಸುದ್ದಿ ಕೊಡುತ್ತಿದ್ದರು. ಫೋನಿನಲ್ಲಿ ಮಾತ್ರ ಸೀನಿರಲಿಲ್ಲ. ಫೋನಿನಲ್ಲಿ ಇಬ್ಬರೂ ಮಾತಿನ ಮಲ್ಲರು. ಅವಳಿಗೆ ಮನೆ ತುಂಬ ಕುಣಿಯಬೇಕು ಅನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಕುಣಿದೂ ಬಿಟ್ಟಳು, ಅಕ್ಕ ನೋಡಿ ಬಾಯಿಯ ಸೂಜಿ ಬೀಳಿಸಿಕೊಂಡಳು. ರಾತ್ರಿ ಖುಷಿಗೆ ಕಣ್ಣು ಮುಚ್ಚುತ್ತಿರಲಿಲ್ಲ. ಅಕ್ಕ ತಾನು ತಗೊಳ್ಳುವ ಮಾತ್ರೆಯಲ್ಲಿ ಒಂದನ್ನು ಕೊಟ್ಟು ಮಲಗಿಸತೊಡಗಿದಳು.

ಬೆಂಚಿನ ಮೇಲೆಯೇ ಹಾಸಿಗೆಯವರು ಕೇಳಿದ್ದು. ನನ್ನನ್ನು ಮದುವೆ ಆಗ್ತೀರಾ ಅಂದರು. ಚುಚ್ಚಮ್ಮ ಉತ್ತರಕ್ಕೆ ಬಾಯಿ ತೆರೆದಳು. ಗಾಳಿ ತಿರುಗಿತು. ಸೀನಿನ ಮೇಲೆ ಸೀನು, ಮಾತಿಗೆ ಸಂದು ಸಿಗಲಿಲ್ಲ. ಮುದುಕರಿಬ್ಬರು ಎದ್ದು ಬಂದು ನೀರು ಕೊಟ್ಟರು. ಅವಳು ತಲೆ ಎತ್ತುವಷ್ಟರಲ್ಲಿ ಹಾಸಿಗೆಯವರು ಬೆಂಚಿನಿಂದ ದೂರ ಹೋಗಿ ನಿಂತಿದ್ದರು.

"ನಾನು ಅಂಗಡಿ ಬಿಟ್ಟುಬಿಡ್ತೀನಿ," ಅಂದರು ಅಲ್ಲಿಂದಲೇ. "ಪಕ್ಕದ ಟೈರಿನವರು ಜಾಗ ಕೇಳ್ತಾನೇ ಇದಾರೆ. ಹತ್ತಿ ಮುಟ್ಟದೆ ಇದ್ರೆ ಆಯ್ತಲ್ಲ."

ಚುಚ್ಚಮ್ಮ ಅವರ ಕೈಗಳನ್ನೇ ನೋಡಿದಳು. ಆ ಕೈಗಳು ಹತ್ತಿ ಮುಟ್ಟದೆ ಇನ್ನೇನು ಮುಟ್ಟಬೇಕು? ಅಪ್ಪನ ಕಾಲದಿಂದ ಬಂದ ಅಂಗಡಿ. ಊರಿನ ಅರ್ಧ ಜನರ ನಿದ್ದೆ ಆ ಕೈಯಿಂದ ಹೊಲಿದದ್ದು. ಬಸ್ಸಿನ ಸೀಟು ಒತ್ತಿ ನೋಡಿ ಮರುಗುವ ಮನುಷ್ಯ, ಇನ್ನು ಮೇಲೆ ಮನೆಯಲ್ಲಿ ಕೂತು ಅವಳ ಮೂಗಿನ ಕಾವಲು ಕಾಯಬೇಕೇ? ಬೇಡ, ಅಂದಳು. ಹತ್ತಿಯೇ ಅಂತ ಇನ್ನೂ ಸಾಬೀತಾಗಿಲ್ಲ, ಯಾವುದರಿಂದ ಅಂತ ಕಂಡುಹಿಡಿಯೋದು ನನ್ನ ಕೆಲಸ, ಅದು ಗೊತ್ತಾಗೋವರೆಗೆ ನನ್ನ ಉತ್ತರ ಕೇಳಬೇಡಿ. ನಿಮ್ಮ ಅಂಗಡಿ ಮುಚ್ಚಿಸಿ ನಾನು ಮದುವೆ ಆಗೋಳಲ್ಲ, ಅಂತಲೂ ಸೇರಿಸಿದಳು. ಇದನ್ನೆಲ್ಲ ಹೇಳುವಷ್ಟರಲ್ಲಿ ಒಂದು ಇಡೀ ಕರವಸ್ತ್ರ ಒದ್ದೆಯಾಯಿತು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಅಂಗಡಿಯಿಂದ ತರಿಸಿದ ಹಳೇ ಹತ್ತಿ, ಹೊಸ ಹತ್ತಿ, ಬೂರುಗದ ಹತ್ತಿ, ತೆಂಗಿನ ನಾರು, ಮೇಣದ ದಾರ, ಹಾಸಿಗೆಯವರು ಹಚ್ಚುವ ಸೋಪಿನ ಚೂರು, ಅಂಗಡಿ ಬೆಕ್ಕಿನ ಕೂದಲು, ಎಲ್ಲವನ್ನೂ ಉಪ್ಪುನೀರಿನಲ್ಲಿ ನೆನೆಸಿ ತನ್ನ ಎಡಗೈ ಮೇಲೆ ಹನಿ ಬಿಟ್ಟು ಚುಚ್ಚಿಕೊಂಡಳು. ಕಾಲು ಗಂಟೆ ಕಳೆಯಿತು. ಕೈ ನುಣ್ಣಗೆ. ಮಾರನೆಯ ದಿನ ಫ್ರಿಜ್ಜಿನಲ್ಲಿದ್ದ ಧೂಳಿನ ಹುಳ, ಬೂಷ್ಟು, ಪರಾಗದ ಸೀಸೆಗಳ ಹನಿಗಳನ್ನೂ ಹಾಕಿದಳು. ಕೈ ಮತ್ತೂ ನುಣ್ಣಗೆ. ಹಾಸಿಗೆಯವರು ಕತ್ತು ಒರೆಸಿಕೊಂಡ ಕರವಸ್ತ್ರ ತರಿಸಿ ಅದನ್ನೂ ಹಿಂಡಿ ನೋಡಿದಳು. ಎಲ್ಲವೂ ಇಲ್ಲ, ಇಲ್ಲ, ಇಲ್ಲ.

ಮೊದಲಿಗೆ ಕುಣಿದಳು: ಹತ್ತಿ ಅಲ್ಲ, ಅಂಗಡಿ ಉಳಿಯಿತು. ಆದರೆ ಆ ಸಂಜೆ ಬೆಂಚಿನಲ್ಲಿ ಮತ್ತೆ ಅದೇ ಸೀನು. ಹಾಗಾದರೆ ಯಾವುದರಿಂದ? ಚೀಟಿ ಬರೆಯುವ ಕೌಂಟರಿನ ಹುಡುಗಿ ಪೆನ್ನು ಕಚ್ಚುತ್ತಾ, ಸಾಮಾನು ಯಾವುದೂ ಅಲ್ಲ ಅಂದ ಮೇಲೆ ಉಳಿದಿರೋದು ಮನುಷ್ಯ ಒಬ್ಬರೇ ಅಲ್ವಾ ಅಂದಳು. ಮನೆಗೆ ಬಂದು ಹೇಳಿದರೆ ಅಕ್ಕ ಹೊಲಿಗೆ ನಿಲ್ಲಿಸಿದಳು.

"ನಿನ್ನ ಬಾಯಿ ಬೇಕು ಅಂತಿದೆ, ಮೈ ಬೇಡ ಅಂತಿದೆ ಕಣೇ," ಅಂದಳು. "ಯಾವುದರ ಮಾತು ಕೇಳ್ತೀಯ ನೋಡು."

ಅಕ್ಕ ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಚುಚ್ಚಿತು. ಜೀವಮಾನವಿಡೀ ಚರ್ಮದ ಮಾತನ್ನೇ ನಂಬಿದವಳು, ಬಾಯಲ್ಲಿ ಏನೇ ಹೇಳಲಿ ಕೈ ಸುಳ್ಳು ಹೇಳುವುದಿಲ್ಲ ಅಂತ ಊರಿಗೆಲ್ಲ ಹೇಳಿದವಳು, ಈಗ ತನ್ನ ಮೈಯೇ ಹೀಗೆ ಅಂದರೆ ಏನು ಮಾಡಬೇಕು? ಅಷ್ಟರಲ್ಲಿ ಹಾಸಿಗೆಯವರ ಫೋನು. ಅವರಿಗೆ ಈ ಪರೀಕ್ಷೆಗಳ ಮೇಲೆ ನಂಬಿಕೆ ಹೊರಟುಹೋಗಿತ್ತು. ಹತ್ತಿಯೇ ಇರಬೇಕು, ಹನಿಯಲ್ಲಿ ಸಿಗದ ಹತ್ತಿ, ಅಂದರು. ಟೈರಿನವರಿಗೆ ಮಾತು ಕೊಟ್ಟಾಯಿತು, ಬರುವ ವಾರ ಕಳೆದು ಸೋಮವಾರ ಮಧ್ಯಾಹ್ನ ಬೀಗದ ಕೈ ಕೊಡುತ್ತೇನೆ, ಅಂದರು. ಅವಳು ಬೇಡ ಅಂದರೂ ಕೇಳಲಿಲ್ಲ. ಆ ರಾತ್ರಿ ಅಕ್ಕನ ಮಾತ್ರೆಗೂ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಡಾಕ್ಟರ ಮುಂದೆ ಹೋಗಿ ನಿಂತು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿಕೊಂಡಳು. ಅವರು ಉತ್ಸಾಹದಿಂದ ಕೈ ಹೊಸೆದುಕೊಂಡು ಕೇಳಿದರು. ಕೊನೆಗೆ ಒಂದು ಪ್ರಶ್ನೆ ಹಾಕಿದರು.

"ಹೌದು ಹನಿ ಎಷ್ಟು ಉಬ್ಬಿತ್ತಮ್ಮ?"

ಚುಚ್ಚಮ್ಮ ತನ್ನ ಎಡಗೈ ನೋಡಿಕೊಂಡಳು. ಹೌದು ಹನಿ ಹಾಕಿಯೇ ಇರಲಿಲ್ಲ. ಇಲ್ಲ ಹನಿಯನ್ನೂ ಹಾಕಿರಲಿಲ್ಲ. ನನ್ನ ಕೈ ನನಗೆ ಗೊತ್ತಿಲ್ಲವೇ ಅಂತ ಅವೆರಡನ್ನೂ ಬಿಟ್ಟುಬಿಟ್ಟಿದ್ದಳು! ಹೊಸ ಡಾಕ್ಟರುಗಳು ಮರೆತರೆ ಸೀಸೆಯಿಂದ ಅವರ ಬೆರಳಿಗೆ ತಟ್ಟುತ್ತಿದ್ದವಳು ಅವಳೇ. ಡಾಕ್ಟರು ಬಯ್ಯಲಿಲ್ಲ, ಬಿದ್ದು ಬಿದ್ದು ನಕ್ಕರು. ನಗುತ್ತಲೇ ತಾವೇ ಹೌದು ಹನಿ ತಂದು ಅವಳ ಕೈ ಮೇಲೆ ಬಿಟ್ಟು ಚುಚ್ಚಿದರು. ಇಬ್ಬರೂ ಬಗ್ಗಿ ನೋಡುತ್ತಾ ಕೂತರು. ಕಾಲು ಗಂಟೆಯಾದರೂ ಹೌದು ಹನಿ ಹೌದು ಅನ್ನಲಿಲ್ಲ.

"ಯಾವ ಮಾತ್ರೆ ತಗೊಳ್ತಿದೀಯಮ್ಮ?"

"ಯಾವುದೂ ಇಲ್ಲ ಸಾರ್."

"ಶೀತದ್ದು? ತುರಿಕೆದು?"

"ಇಲ್ಲ ಸಾರ್."

ಡಾಕ್ಟರು ಮೂರನೆಯದನ್ನು ಕೇಳಲಿಲ್ಲ. ಅವಳ ಮುಖವನ್ನೇ ನೋಡುತ್ತಾ ಕೂತರು. ಚುಚ್ಚಮ್ಮನ ಕಿವಿಯವರೆಗೂ ಕೆಂಪೇರಿತು. ಅಕ್ಕನಿಗೆ ಫೋನು ಮಾಡಿ ಮಾತ್ರೆಯ ಹೆಸರು ಓದಿಸಿದರೆ, ಅದು ತುರಿಕೆಗೂ ಕೊಡುವ, ನಿದ್ದೆಯನ್ನೂ ತರಿಸುವ ಮಾತ್ರೆ. ಹಗಲು ಹೊತ್ತಿಗೆ ಅದರ ಅಮಲಿಳಿದು ಮೂಗು ಸೀನುತ್ತಿತ್ತು, ಚರ್ಮ ಮಾತ್ರ ದಿನಗಟ್ಟಲೆ ಬಾಯಿ ಮುಚ್ಚಿಕೊಂಡಿತ್ತು. ಅಂದರೆ ಆ ಇಲ್ಲಗಳೆಲ್ಲ ಇಲ್ಲವೇ ಅಲ್ಲ. ಮೈ ಬೇಡ ಅಂದಿರಲಿಲ್ಲ, ಮೈ ಮಾತೇ ಆಡಿರಲಿಲ್ಲ. ಈ ಒಂದು ವಿಷಯಕ್ಕೆ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಕಾರಿಡಾರಿನ ಔಷಧಿ ಪೆಟ್ಟಿಗೆಗಳಿಗೆ ಡಿಕ್ಕಿ ಹೊಡೆದು, ಪೆಟ್ಟಿಗೆಗಳ ಹತ್ತಿರವೇ ಕ್ಷಮೆ ಕೇಳಿ ಮುಂದೆ ಹೋದಳು.

ಮಾತ್ರೆ ಬಿಟ್ಟು ಒಂದು ವಾರ ಕಾಯಬೇಕಿತ್ತು. ಆ ವಾರ ಅವಳು ನಿದ್ದೆಗೆಟ್ಟು ಗೂಬೆಯಾದಳು. ಒಬ್ಬರ ಕೈಗೆ ಹಾಕಬೇಕಾದ ಗೀಟನ್ನು ತನ್ನ ಕೈಗೇ ಎಳೆದುಕೊಂಡಳು. ಬಸ್ಸಿನಲ್ಲಿ ತೂಕಡಿಸಿ ಕೊನೇ ಸ್ಟಾಪಿನವರೆಗೆ ಹೋಗಿ, ಅದೇ ಕಂಡಕ್ಟರ ಕೈಯಿಂದ ಎಬ್ಬಿಸಿಕೊಂಡಳು.

ಸೋಮವಾರ ಬಂತು. ಬೆಳಿಗ್ಗೆ ಡಾಕ್ಟರೇ ಕೂತು ಪರೀಕ್ಷೆ ಮಾಡಿದರು. ಏನಾಗುತ್ತದೋ ನೋಡೋಣ ಅಂತ ಅಕ್ಕನೂ ಬಂದು, ಅಳತೆ ಟೇಪು ಸಮೇತ, ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಹೌದು ಹನಿ ಈ ಸಲ ದುಂಡಗೆ, ಅಂದವಾಗಿ ಉಬ್ಬಿತು. ಇಲ್ಲ ಹನಿ ಮರ್ಯಾದೆಯಿಂದ ಇಲ್ಲ ಅಂದಿತು. ಕೈ ನಂಬಿಕಸ್ತ ಅಂತಾಯಿತು. ಆಮೇಲೆ ಹತ್ತಿ: ಇಲ್ಲ. ಬೂರುಗ: ಇಲ್ಲ. ನಾರು, ಮೇಣ, ಸೋಪು, ಬೆಕ್ಕು, ಹುಳ, ಒಂದಾದ ಮೇಲೊಂದು ಇಲ್ಲ. ಚುಚ್ಚಮ್ಮನ ಮುಖ ಬಾಡಿತು. ಈಗ ನೆಪಕ್ಕೆ ಮಾತ್ರೆಯೂ ಇಲ್ಲ. ಗಡಿಯಾರ ನೋಡಿದಳು; ಮಧ್ಯಾಹ್ನವಾಗುತ್ತಿತ್ತು, ಬೀಗದ ಕೈ ಕೈ ಬದಲಾಯಿಸುವ ಹೊತ್ತು. ಅವಳಿಗೆ ಅಳು ಬಂತು. ಅಕ್ಕ ಟೇಪನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

ಡಾಕ್ಟರಿಗೆ ಮಾತ್ರ ಹುಮ್ಮಸ್ಸು ಏರುತ್ತಿತ್ತು. ಸಾಮಾನು ಸಾಕು, ಮನುಷ್ಯರನ್ನೇ ಕರೆಸು ಅಂದರು. ಹಾಸಿಗೆಯವರು ಬೀಗದ ಕೈ ಕೊಡಲು ಹೊರಟಿದ್ದವರು ಹಾಗೇ ಬಂದರು. ಕಪ್ಪು ಕೋಟು, ಇಸ್ತ್ರಿ ಶರ್ಟು. ಅವರು ಬಾಗಿಲ ಹತ್ತಿರ ಬಂದರೋ ಇಲ್ಲವೋ, ಚುಚ್ಚಮ್ಮನ ಸೀನು ಶುರು. ಹಾಸಿಗೆಯವರು ಅಲ್ಲೇ ನಿಂತರು. ಎಲ್ಲೋ ಒಂದು ಎಳೆ ಹತ್ತಿ ಉಳಿದಿರಬೇಕು ಅಂದುಕೊಂಡು, ಗಡಿಬಿಡಿಯಲ್ಲಿ ಕೋಟಿನ ಜೇಬಿನಿಂದ ಒಂದು ಬ್ರಷ್ಷು ತೆಗೆದು ಭುಜ, ತೋಳು, ಎದೆ ಅಂತ ಬರಬರನೆ ಉಜ್ಜತೊಡಗಿದರು. ಅವರು ಉಜ್ಜಿದಷ್ಟೂ ಅವಳ ಸೀನು ಜೋರಾಯಿತು. ಅವಳು ಸೀನಿದಷ್ಟೂ ಅವರು ಜೋರಾಗಿ ಉಜ್ಜಿದರು. ಕೌಂಟರಿನ ಹುಡುಗಿ ಎದ್ದು ನಿಂತು ನೋಡಿದಳು.

"ನಿಲ್ಲಿಸಿ," ಅಂದರು ಡಾಕ್ಟರು. "ಕೈಯಲ್ಲೇನದು?"

"ಬ್ರಷ್ಷು ಸಾರ್. ಮೊದಲು ಕೋಟು ಚೆಂದ ಕಾಣಲಿ ಅಂತ, ಆಮೇಲೆ ಇವರಿಗೆ ಹತ್ತಿ ಆಗಲ್ಲ ಅಂತ, ದಿನಾ ಇಲ್ಲಿಗೆ ಬರೋಕೆ ಮುಂಚೆ ಚೆನ್ನಾಗಿ ಉಜ್ಜಿಕೊಂಡೇ ಬರ್ತೀನಿ. ಆದ್ರೂ ಬಿಡ್ತಾ ಇಲ್ಲ."

"ಯಾವುದರ ಕೂದಲು?"

"ಕುದುರೇದು. ಆಗೆಲ್ಲ ದೊಡ್ಡವರ ಮನೆ ಕುರ್ಚಿಗೆ ಇದನ್ನೇ ತುಂಬ್ತಿದ್ರು. ಮಿಕ್ಕಿದ್ದನ್ನ ತೊಳೀದೆ ಹಾಗೇ ನಮ್ಮಪ್ಪ ಬ್ರಷ್ಷು ಕಟ್ಟಿದ್ರು."

ಚುಚ್ಚಮ್ಮ ಫ್ರಿಜ್ಜಿನ ಹತ್ತಿರ ಓಡಿದಳು. ಹಿಂದಿನ ಸಾಲಿನ ಮೂಲೆಯಲ್ಲಿ ಕುದುರೆಯ ಸೀಸೆ ಇತ್ತು. ಊರಿನಲ್ಲಿ ಈಗ ಕುದುರೆಯೇ ಇಲ್ಲದ ಕಾರಣ ಅದನ್ನು ಯಾರ ಕೈಗೂ ಹಾಕಿದ್ದಿಲ್ಲ. ವರ್ಷವರ್ಷವೂ ತಾರೀಕು ಮುಗಿದದ್ದನ್ನು ಎಸೆದು ಹೊಸದನ್ನು ಇಡುವುದಷ್ಟೇ ಅವಳು ಅದಕ್ಕೆ ಮಾಡುತ್ತಿದ್ದ ಸೇವೆ. ಮುಚ್ಚಳದ ಸೀಲು ಒಡೆದು ಡಾಕ್ಟರ ಕೈಗೆ ಕೊಟ್ಟಳು. ಕೋಟನ್ನೂ ಬ್ರಷ್ಷನ್ನೂ ಹೊರಗಿನ ಪೆಟ್ಟಿಗೆಗಳ ರಾಶಿಯಲ್ಲಿಟ್ಟು, ಬಾಗಿಲು ಹಾಕಿ, ಕಿಟಕಿ ತೆರೆದರು. ಹನಿ ಬಿತ್ತು, ಸೂಜಿ ತಾಗಿತು. ಕಾಲು ಗಂಟೆ ಯಾರೂ ಕಾಯಬೇಕಾಗಲಿಲ್ಲ. ಎಲ್ಲರ ಕಣ್ಣೆದುರೇ ಕುದುರೆ ಹನಿ ಉಬ್ಬಿತು, ಹಬ್ಬಿತು, ಪಕ್ಕದ ಹೌದು ಹನಿಯನ್ನು ಮೀರಿಸಿ ಬೆಳೆಯಿತು.

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಚುಚ್ಚಮ್ಮ ನಕ್ಕಳು, ಸೀನಿದಳು, ಅತ್ತಳು, ಮೂರನ್ನೂ ಒಟ್ಟಿಗೇ ಮಾಡಿದಳು. ಡಾಕ್ಟರು ಕುರ್ಚಿಯ ಸುತ್ತ ಓಡಾಡಿದರು. ಹಾಸಿಗೆಯವರು ಮಾತ್ರ ಅರ್ಥವಾಗದೆ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಅವಳು ಸೀನಬಾರದು ಅಂತ ಉಜ್ಜಿದ್ದು, ಉಜ್ಜಿದ್ದಕ್ಕೇ ಅವಳು ಸೀನಿದ್ದು. ಅಂಗಡಿ ಬಟ್ಟೆಯಲ್ಲಿ ಹತ್ತಿ ಮೆತ್ತಿಕೊಂಡು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಇದನ್ನು ಡಾಕ್ಟರು ಎರಡು ಸಲ ಬಿಡಿಸಿ ಹೇಳಿದ ಮೇಲೆ ಅವರು ಗೋಡೆಗೆ ಒರಗಿ ಮೆಲ್ಲಗೆ ನೆಲಕ್ಕೇ ಕೂತುಬಿಟ್ಟರು, ಒತ್ತಿಯೂ ನೋಡದೆ.

ಅಕ್ಕ ಮೂಲೆಯಿಂದ ಎದ್ದು ಬಂದಳು. ತಂಗಿಯ ಕೈ ಹಿಡಿದು ಆ ಉಬ್ಬನ್ನೇ ನೋಡಿದಳು.

"ಹಾಗಾದ್ರೆ ಅವತ್ತು ಕುದುರೆ ಮೇಲೆ ನೀನು ಹೆದರಿರಲಿಲ್ವೇನೇ?"

"ಇಲ್ಲ ಅಕ್ಕ. ಇಳಿಸಿದ್ದಕ್ಕೆ ಅತ್ತಿದ್ದು."

ನಲವತ್ತೆರಡು ವರ್ಷದ ಕಥೆ ಹೀಗೆ ಒಂದು ಮಾತಿನಲ್ಲಿ ತಲೆಕೆಳಗಾಯಿತು. ಅಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಆಮೇಲೆ ಏನೂ ತೋಚದೆ ಕೊರಳಿನ ಟೇಪು ತೆಗೆದು ಆ ಉಬ್ಬನ್ನು ಅಳೆದಳು.

ಹಾಸಿಗೆಯವರು ನೆಲದ ಮೇಲಿಂದಲೇ ಟೈರಿನವರಿಗೆ ಫೋನು ಹಚ್ಚಿ, ಕೊಟ್ಟ ಮಾತು ತಪ್ಪುತ್ತಿದ್ದೇನೆ, ದೊಡ್ಡ ಮನಸ್ಸು ಮಾಡಿ ಅಂತ ಬೇಡಿಕೊಂಡರು. ಟೈರಿನವರು ಕೊಂಚ ಹೊತ್ತು ಗೊಣಗಿ, ಹಾಗಾದರೆ ನಮ್ಮ ಮನೆ ಹಾಸಿಗೆಗೆ ಹೊಸ ಹತ್ತಿ ತುಂಬಿಕೊಡಿ, ಬೆನ್ನು ಹಿಡಿದು ಸಾಕಾಗಿದೆ ಅಂದರಂತೆ. ಬೀಗದ ಕೈ ಜೇಬಿನಲ್ಲೇ ಉಳಿಯಿತು.

ಬ್ರಷ್ಷನ್ನು ಪರೀಕ್ಷೆಗೆ ಕೊಡಿ ಅಂತ ಡಾಕ್ಟರು ಆಸೆಯಿಂದ ಕೇಳಿದರು. ಹಾಸಿಗೆಯವರು ಕೊಡುತ್ತೇನೆ ಅಂದರು, ಆದರೆ ಅವರ ಧ್ವನಿ ತಗ್ಗಿತು. ಅಪ್ಪನ ಕೈ ಕಟ್ಟಿದ್ದಲ್ಲವೇ. ಚುಚ್ಚಮ್ಮನಿಗೆ ಅದು ಕೇಳಿಸಿತು. ನಾಲ್ಕು ಕೂದಲು ಸಾಕು ಸಾರ್, ಅಂದಳು. ಉಳಿದದ್ದನ್ನು ಅಂಗಡಿಯಲ್ಲೇ ಗಾಜಿನ ಡಬ್ಬಿಯಲ್ಲಿಟ್ಟು ಭದ್ರವಾಗಿ ಮುಚ್ಚಳ ಹಾಕಿ, ಆಚೆಯಿಂದ ನಾನೂ ನೋಡ್ತೀನಿ, ಅಂತ ಹಾಸಿಗೆಯವರಿಗೆ ಹೇಳಿದಳು.

ಹಾಸಿಗೆಯವರು ಎದ್ದು ಬಂದು ಅವಳ ಎದುರಿನ ಕುರ್ಚಿಯಲ್ಲಿ ಕೂತರು. ಅಷ್ಟು ಹತ್ತಿರ ಅವರು ಕೂತು ತಿಂಗಳುಗಳೇ ಆಗಿದ್ದವು. ಅವಳು ಸೀನಲಿಲ್ಲ. ಬೆಂಚಿನ ಮೇಲೆ ಕೇಳಿದ್ದನ್ನು ಮತ್ತೆ ಕೇಳಲು ಅವರಿಗೆ ಧೈರ್ಯ ಬರಲಿಲ್ಲವೋ, ಸುತ್ತ ಜನ ಇದ್ದಾರೆ ಅಂತಲೋ, ಶರ್ಟಿನ ತೋಳು ಮಡಚಿ ಮುಂಗೈ ಚಾಚಿದರು. ನನಗೂ ಒಂದು ಪರೀಕ್ಷೆ ಮಾಡಿಬಿಡಿ, ನಿಮ್ಮಿಂದ ನನಗೇನಾದರೂ ಆಗುತ್ತೋ ಏನೋ, ಅಂದರು.

ಚುಚ್ಚಮ್ಮ ನೀಲಿ ಪೆನ್ನು ತೆಗೆದಳು. ಮುಂಗೈ ಒರೆಸಿದಳು. ಗೀಟು ಹಾಕಲಿಲ್ಲ. ಸಾವಧಾನವಾಗಿ, ದುಂಡು ಅಕ್ಷರದಲ್ಲಿ, 'ಹೌದು' ಅಂತ ಬರೆದು ಪೆನ್ನಿನ ಮುಚ್ಚಳ ಹಾಕಿದಳು.

"ಇಲ್ಲ ಹನಿ ಎಲ್ಲಮ್ಮ?" ಹಿಂದಿನಿಂದ ಡಾಕ್ಟರು ಇಣುಕಿದರು. "ಎರಡೂ ಇಲ್ದೆ ಪರೀಕ್ಷೆ ನಂಬೋಕಾಗಲ್ಲ."

"ಇದು ಪರೀಕ್ಷೆ ಅಲ್ಲ ಸಾರ್."

ಅಕ್ಕ ಡಾಕ್ಟರ ತೋಳು ಹಿಡಿದು ಆಚೆ ಕರೆದುಕೊಂಡು ಹೋದಳು. ಹಾಸಿಗೆಯವರು ತಮ್ಮ ಕೈಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಓದಿದರು.

"ಇದು ತೊಳೆದರೆ ಹೋಗುತ್ತಾ?"

"ಹೋಗುತ್ತೆ," ಅಂದಳು ಚುಚ್ಚಮ್ಮ. "ಹೋದಾಗಲೆಲ್ಲ ಮತ್ತೆ ಬರೀತೀನಿ."